ಗ್ಲಾಸ್ಟನ್‌ಬರಿಗೆ ಹೊರಟವರು ಇಲ್ಲಿ ಬನ್ನಿ: ಟಿಕೆಟ್, ಟೆಂಟ್, ಕೆಸರು

ಲೀಡ್ಸ್ ಲೋಕಿ
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಯ್ತು. ಆಫೀಸಿನಲ್ಲಿ ಊಟಕ್ಕೆ ಕೂತರೆ ಗ್ಲಾಸ್ಟನ್‌ಬರಿ ಸಂಗೀತ ಹಬ್ಬದ ಮಾತೇ ಮಾತು. ಈ ಜೂನ್‌ನಲ್ಲಿ ನಾನೂ ನನ್ನ ಹೆಂಡತಿಯೂ ಹೋಗಿಬರೋಣ ಅಂದುಕೊಂಡೆವು. ಅವರ ಸೈಟ್ ಪೂರ್ತಿ ಜಾಲಾಡಿದೆ, ಟಿಕೆಟ್ ಕೊಳ್ಳೋದು ಎಲ್ಲಿ ಅಂತಲೇ ಗೊತ್ತಾಗುತ್ತಿಲ್ಲ. ಹೋಗಿಬಂದವರು ಯಾರಾದರೂ ಇದ್ದರೆ ದಾರಿ ತೋರಿಸಿ.

ರೀಡಿಂಗ್ ರಂಗಣ್ಣ
ಲೋಕಿ, ಗೊತ್ತಾಗುವುದಾದರೂ ಹೇಗೆ? 2026ರಲ್ಲಿ ಹಬ್ಬವೇ ಇಲ್ಲ! ಊರಲ್ಲಿ ಹೊಲ ಬೀಳು ಬಿಡ್ತಾರಲ್ಲ, ಅದೇ ಲೆಕ್ಕ. ಸಾಮರ್ಸೆಟ್‌ನ ಪಿಲ್ಟನ್ ಅನ್ನೋ ಹಳ್ಳಿಯ ವರ್ದಿ ಫಾರ್ಮ್‌ನಲ್ಲಿ ಇದು ನಡೆಯುವುದು. ಅದು ನಿಜವಾಗಿ ಹಸು ಮೇಯುವ ಜಾಗ, ಹಾಲು ಕರೆಯುವ ಡೇರಿ. ಎರಡು ಲಕ್ಷ ಜನ ಐದು ದಿನ ತುಳಿದ ಮೇಲೆ ಹುಲ್ಲಿಗೂ ಉಸಿರಾಡೋಕೆ ಸಮಯ ಬೇಕಲ್ಲ. 2006, 2012, 2018ರಲ್ಲೂ ಹೀಗೇ ಬಿಡುವು ಕೊಟ್ಟಿದ್ದರು.

ಹಾಗಾಗಿ ನಿಮ್ಮ ಗುರಿ 2027. ತಡವಾಯ್ತು ಅಂತ ಬೇಜಾರು ಮಾಡ್ಕೋಬೇಡಿ, ಸರಿಯಾದ ಹೊತ್ತಿಗೇ ಬಂದಿದ್ದೀರಿ. ಟಿಕೆಟ್ ಮಾರಾಟ ಸಾಮಾನ್ಯವಾಗಿ ಹಿಂದಿನ ವರ್ಷದ ನವೆಂಬರ್‌ನಲ್ಲೇ ಮುಗಿದುಹೋಗುತ್ತದೆ. ಯಾರು ಹಾಡುತ್ತಾರೆ ಅಂತ ಒಂದು ಹೆಸರೂ ಹೊರಬಿದ್ದಿರುವುದಿಲ್ಲ. ಹೆಣ್ಣಿನ ಮುಖ ನೋಡದೆ ತಾಂಬೂಲ ಬದಲಾಯಿಸಿದ ಹಾಗೆ.

ನಾನು 2019, 2023, 2025, ಮೂರು ಸಲ ಹೋಗಿದ್ದೇನೆ. ಆರು ಸಲ ಪ್ರಯತ್ನ ಪಟ್ಟಿದ್ದೇನೆ. ಕೇಳಿ, ಗೊತ್ತಿದ್ದನ್ನು ಹೇಳುತ್ತೇನೆ.

ಲೀಡ್ಸ್ ಲೋಕಿ
ಅಯ್ಯೋ, ರಜೆ ಕೂಡ ಹಾಕಿಬಿಟ್ಟಿದ್ದೆ! ಇರಲಿ. ರಂಗಣ್ಣ, ಮೊದಲಿನಿಂದ ಹೇಳಿ. ಈಗ ಏನು ಮಾಡಬೇಕು?

ರೀಡಿಂಗ್ ರಂಗಣ್ಣ
ಮೊದಲ ಕೆಲಸ ನೋಂದಣಿ. ಇದಕ್ಕೆ ದುಡ್ಡಿಲ್ಲ. ಹೆಸರು, ವಿಳಾಸ, ಮುಖ ಸ್ಪಷ್ಟವಾಗಿ ಕಾಣುವ ಒಂದು ಫೋಟೋ ಕೊಟ್ಟರೆ ಒಂದು ಸಂಖ್ಯೆ ಕೊಡುತ್ತಾರೆ. ನಿಮಗೊಂದು, ನಿಮ್ಮ ಮನೆಯವರಿಗೊಂದು. ಆ ಸಂಖ್ಯೆ ಇಲ್ಲದವರಿಗೆ ಟಿಕೆಟ್ ಇಲ್ಲ. ಟಿಕೆಟ್ ಮೇಲೆ ಅದೇ ಫೋಟೋ ಅಚ್ಚಾಗಿ ಬರುತ್ತದೆ, ಗೇಟಿನಲ್ಲಿ ಮುಖಕ್ಕೂ ಫೋಟೋಗೂ ಹೋಲಿಸಿ ನೋಡುತ್ತಾರೆ. ನಿಮ್ಮ ಟಿಕೆಟ್‌ನಲ್ಲಿ ನಿಮ್ಮ ತಮ್ಮ ಹೋಗುವ ಹಾಗಿಲ್ಲ.

ಮಾರಾಟಕ್ಕೆ ಕೆಲವು ದಿನ ಮೊದಲೇ ನೋಂದಣಿಯ ಬಾಗಿಲು ಹಾಕುತ್ತಾರೆ. "ಆ ದಿನ ಬೆಳಗ್ಗೆ ಎದ್ದು ಮಾಡ್ಕೊಂಡ್ರಾಯ್ತು" ಅಂದವರೆಲ್ಲ ಹೊರಗೆ ಉಳಿದಿದ್ದಾರೆ. ಹಿಂದೆ ಯಾವಾಗಲೋ ನೋಂದಣಿ ಮಾಡಿಸಿದವರೂ ಅದು ಇನ್ನೂ ಇದೆಯಾ ನೋಡಿಕೊಳ್ಳಿ. 2023ರಲ್ಲಿ ಹಳೆಯ ನೋಂದಣಿಗಳು ಅಳಿಸಿಹೋಗಿದ್ದು ಜನರಿಗೆ ಗೊತ್ತೇ ಆಗಿರಲಿಲ್ಲ. ಕೊನೆಗೆ ಮಾರಾಟವನ್ನೇ ನವೆಂಬರ್ 5ರಿಂದ 19ಕ್ಕೆ ಮುಂದೂಡಿದರು.

ಇನ್ನು ಮಾರಾಟ. ಎರಡು ಸುತ್ತು ಇರುತ್ತದೆ. ಗುರುವಾರ ಸಂಜೆ 6ಕ್ಕೆ ಕೋಚ್, ಅಂದರೆ ಊರಿಂದ ಹಬ್ಬಕ್ಕೆ ಹೋಗುವ ಬಸ್ಸು, ಜೊತೆ ಸೇರಿದ ಟಿಕೆಟ್. ಭಾನುವಾರ ಬೆಳಗ್ಗೆ 9ಕ್ಕೆ ಬರೀ ಟಿಕೆಟ್. ಕಳೆದ ಸಲ ಅದು 2024ರ ನವೆಂಬರ್ 14 ಮತ್ತು 17 ಆಗಿತ್ತು. ಭಾನುವಾರದ್ದು ಮುಕ್ಕಾಲು ಗಂಟೆಯೊಳಗೆ ಖಾಲಿ. ಬೆಲೆ 373.50 ಪೌಂಡ್, ಮೇಲೆ 5 ಪೌಂಡ್ ಬುಕಿಂಗ್ ಚಾರ್ಜು. ಆ ದಿನ ಪೂರ್ತಿ ಕಟ್ಟಬೇಕಾಗಿಲ್ಲ. ತಲೆಗೆ 75 ಪೌಂಡ್ ಮುಂಗಡ ಕೊಟ್ಟರೆ ಸಾಕು, ಉಳಿದದ್ದು ಏಪ್ರಿಲ್ ಮೊದಲ ವಾರ.

ಮಾರುವುದು ಸೀ ಟಿಕೆಟ್ಸ್ ಅನ್ನೋ ಸಂಸ್ಥೆ ಒಂದೇ ಕಡೆ. ಬೇರೆ ಯಾರು "ನನ್ನ ಹತ್ರ ಎರಡಿದೆ" ಅಂದರೂ ಸುಳ್ಳು. ನಮ್ಮ ಪರಿಚಯದವರೊಬ್ಬರು ಫೇಸ್‌ಬುಕ್‌ನಲ್ಲಿ ಯಾರಿಗೋ ದುಡ್ಡು ಕಳಿಸಿ, ಆಮೇಲೆ ನನಗೆ ಫೋನ್ ಮಾಡಿ "ರಂಗಣ್ಣ, ಫೋಟೋ ಬದಲಾಯಿಸೋಕೆ ಆಗುತ್ತಾ?" ಅಂತ ಕೇಳಿದರು. ಏನಂತ ಹೇಳಲಿ.

ಹುಬ್ಬಳ್ಳಿ ಬಸು
378 ಪೌಂಡು ಕೊಟ್ಟು ಕೆಸರಾಗ ಮಲಗೋದಾ? ಏನ್ರಿ ಇದು ಅಣ್ಣಾರ! ಬೇಸಿಗೆಯ ಸಂಗೀತ ಅಂದ್ರೆ ಬೆಂಗಳೂರಿನ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನ ನೋಡ್ರಿ. ರಾಮಸೇವಾ ಮಂಡಳಿಯವರು 1939ರಿಂದ ರಾಮನವಮಿ ಸಂಗೀತೋತ್ಸವ ಮಾಡ್ತಾ ಬಂದಿದ್ದಾರೆ. ತಿಂಗಳುಗಟ್ಟಲೆ ಕಛೇರಿ. ಸಂಜೆ ಹೋಗಿ, ಕೇಳಿ, ರಾತ್ರಿ ಮನೆಗೆ ಬಂದು ಸ್ವಂತ ಹಾಸಿಗೆಯಲ್ಲಿ ಮಲಗಬಹುದು.

ರೀಡಿಂಗ್ ರಂಗಣ್ಣ
ಬಸು, ನಾನು ಆ ಚಪ್ಪರದ ಕೆಳಗೆ ಬೆಳೆದವನೇ. ತಗಡಿನ ಕುರ್ಚಿ, ಹೊರಗೆ ಬಸ್ಸಿನ ಹಾರನ್ನು, ಆಲಾಪನೆ ಮಧ್ಯೆ ಮಗು ಅಳು. ಅದರ ಸುಖವೇ ಬೇರೆ. ಆದರೆ ಇದನ್ನು ಅದರ ಜೊತೆ ತೂಗಬೇಡಿ. ಇದು ಕಛೇರಿಗಿಂತ ಜಾತ್ರೆಗೆ ಹತ್ತಿರ. ನೂರಕ್ಕೂ ಹೆಚ್ಚು ವೇದಿಕೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಮುಕ್ಕಾಲು ಗಂಟೆ ಬೇಕು. ಜನ ದಾರಿಗೆ ಅಡ್ಡ ಬಂದರೆ ಇನ್ನೂ ಜಾಸ್ತಿ. 2023ರಲ್ಲಿ ಎಲ್ಟನ್ ಜಾನ್ ಹಾಡುವಾಗ ಪಿರಮಿಡ್ ಅನ್ನೋ ಮುಖ್ಯ ವೇದಿಕೆ ಮುಂದೆ ಕಾಲಿಡಲು ಜಾಗ ಇರಲಿಲ್ಲ. ಅದೇ ಹೊತ್ತಿಗೆ ಮೇಲಿನ ಗುಡ್ಡದ ಕಲ್ಲಿನ ವೃತ್ತದ ಹತ್ತಿರ ಹೋಗಿದ್ದರೆ ಆರಾಮಾಗಿ ಕಾಲು ಚಾಚಿ ಕೂರಬಹುದಿತ್ತು.

ಅಂದ ಹಾಗೆ, 1970ರಲ್ಲಿ ಮೈಕೆಲ್ ಈವಿಸ್ ಅನ್ನೋ ಡೇರಿ ರೈತ ಇದನ್ನು ಶುರು ಮಾಡಿದಾಗ ಪ್ರವೇಶಕ್ಕೆ 1 ಪೌಂಡ್. ಅದರಲ್ಲಿ ಫಾರ್ಮಿನ ಹಾಲು ಪುಕ್ಕಟೆ. ಬಂದಿದ್ದವರು ಸುಮಾರು 1500 ಜನ.

ಹುಬ್ಬಳ್ಳಿ ಬಸು
ಹಾಲು ಈಗಲೂ ಕೊಡ್ತಾರಾ?

ರೀಡಿಂಗ್ ರಂಗಣ್ಣ
ದುಡ್ಡಿಗೆ!

ಶೃಂಗೇರಿ ಶಾರಿ
ನಾನು ನನ್ನ ಪೆದ್ದುತನದ ಕಥೆ ಹೇಳುತ್ತೇನೆ, ಲೋಕಿ ಅವರಿಗೆ ಉಪಯೋಗವಾಗಬಹುದು.

2024ರ ನವೆಂಬರ್ 17. ನಾವು ಆರು ಜನ. ಒಂದು ಸಲಕ್ಕೆ ಆರು ಟಿಕೆಟ್ ತೆಗೆಯಬಹುದು, ಅದಕ್ಕೇ ಎಲ್ಲರೂ ಆರರ ಗುಂಪು ಕಟ್ಟುವುದು. ಪ್ರತಿಯೊಬ್ಬರ ನೋಂದಣಿ ಸಂಖ್ಯೆ, ಪೋಸ್ಟ್‌ಕೋಡ್ ಎರಡೂ ಹಾಕಬೇಕು. ನಾನು ಒಂದು ಎಕ್ಸೆಲ್ ಹಾಳೆ ಮಾಡಿ ಎಲ್ಲರಿಗೂ ಕಳಿಸಿದ್ದೆ. ಬೆಳಗ್ಗೆ ಫಿಲ್ಟರ್ ಕಾಫಿ ಮಾಡಿಕೊಂಡು, ಪಂಚೆ ಉಟ್ಟ ಗಂಡನನ್ನೂ ಎಬ್ಬಿಸಿ ಇನ್ನೊಂದು ಲ್ಯಾಪ್‌ಟಾಪ್ ಮುಂದೆ ಕೂರಿಸಿದ್ದೆ. 9 ಗಂಟೆ 20 ನಿಮಿಷಕ್ಕೆ ನನ್ನ ಸರದಿ ಬಂತು. ಕೈ ನಡುಗುತ್ತಿತ್ತು, ಸುಳ್ಳಲ್ಲ. ಆರೂ ಸಂಖ್ಯೆ ಹಾಕಿದೆ. ಮುಂದೆ ಒತ್ತಿದೆ. ಕೆಂಪು ಅಕ್ಷರ. ವಿವರ ಹೊಂದುತ್ತಿಲ್ಲ.

ಮತ್ತೆ ಹಾಕಿದೆ. ಮತ್ತೆ ಕೆಂಪು. ಒಂದೊಂದನ್ನೇ ನೋಡುತ್ತಾ ಹೋದರೆ ತಪ್ಪಿದ್ದು ನನ್ನದೇ! ನಾವು ಆ ಬೇಸಿಗೆಯಲ್ಲಿ ಸ್ವಿಂಡನ್‌ಗೆ ಮನೆ ಬದಲಾಯಿಸಿದ್ದೆವು. ಹಾಳೆಯಲ್ಲಿ ಹೊಸ ಮನೆಯ ಪೋಸ್ಟ್‌ಕೋಡ್ ಬರೆದಿದ್ದೆ. ನೋಂದಣಿಯಲ್ಲಿದ್ದದ್ದು ಹಳೆಯ ಮನೆಯದು. ಆ ಹಳೇ ಕೋಡು ನೆನಪಿಗೇ ಬರಲಿಲ್ಲ. ಎರಡು ವರ್ಷ ಇದ್ದ ಮನೆ ಕಣ್ರೀ! ಹಳೆಯ ಕರೆಂಟ್ ಬಿಲ್ಲು ಹುಡುಕಲು ಮಹಡಿಗೆ ಓಡಿದೆ. ಕೆಳಗೆ ಬರುವಷ್ಟರಲ್ಲಿ ಆ ಪುಟದ ಸಮಯ ಮುಗಿದಿತ್ತು. ಐದು ಜನ ವಾಟ್ಸಾಪ್‌ನಲ್ಲಿ "ಸಿಕ್ತಾ? ಸಿಕ್ತಾ?" ಅಂತ ಕೇಳುತ್ತಿದ್ದಾರೆ. ಉತ್ತರ ಬರೆಯಲು ನನಗೆ ಹತ್ತು ನಿಮಿಷ ಹಿಡಿಯಿತು.

ಅದಕ್ಕೇ ಹೇಳೋದು. ಹಾಳೆಯಲ್ಲಿ ಬರೆಯಬೇಕಾದ್ದು ನೀವು ಈಗ ಇರುವ ಮನೆಯ ಪೋಸ್ಟ್‌ಕೋಡ್ ಅಲ್ಲ, ನೋಂದಣಿಯಲ್ಲಿ ಇರುವ ಪೋಸ್ಟ್‌ಕೋಡ್. ಹಿಂದಿನ ವಾರವೇ ಪ್ರತಿಯೊಬ್ಬರೂ ತಮ್ಮದನ್ನು ತೆಗೆದು ನೋಡಿ, ನಕಲು ಮಾಡಿ ಅಂಟಿಸಿ. ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ.

ಲೀಡ್ಸ್ ಲೋಕಿ
ಶಾರಿ ಅಕ್ಕ, ಓದುವಾಗ ನನಗೇ ಎದೆ ಹೊಡೆದುಕೊಂಡಿತು. ಆಮೇಲೆ ಆ ಐದು ಜನ ಮಾತಾಡಿದ್ರಾ?

ಶೃಂಗೇರಿ ಶಾರಿ
ಮೂರು ಜನ ತಕ್ಷಣ. ಇಬ್ಬರು ಯುಗಾದಿಗೆ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಏಪ್ರಿಲ್ ಮೊದಲ ವಾರ ಬಾಕಿ ಕಟ್ಟದವರ ಟಿಕೆಟ್ ರದ್ದಾಗುತ್ತವೆ. ಹಾಗೆ ವಾಪಸ್ ಬಂದ ಟಿಕೆಟ್‌ಗಳನ್ನು ಏಪ್ರಿಲ್ ಕೊನೆಯಲ್ಲಿ ಮತ್ತೆ ಮಾರುತ್ತಾರೆ. ಆಗಲೂ ಗುರುವಾರ ಕೋಚ್, ಭಾನುವಾರ ಉಳಿದದ್ದು. ಇರುವುದು ಕಡಿಮೆ, ಕ್ಷಣಗಳಲ್ಲಿ ಮಾಯ. ಆರು ಒಟ್ಟಿಗೆ ಕೇಳುವುದಕ್ಕಿಂತ ಎರಡೆರಡೇ ಕೇಳೋಣ ಅಂದುಕೊಂಡೆವು. ನನಗೂ ನನ್ನವರಿಗೂ ಸಿಕ್ಕಿತು. ಈ ಸಲ ಪೋಸ್ಟ್‌ಕೋಡನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದೆ. ಮರುಮಾರಾಟದಲ್ಲಿ ಮುಂಗಡ ಇಲ್ಲ, ಪೂರ್ತಿ ದುಡ್ಡು ಆಗಲೇ ಕಟ್ಟಬೇಕು.

ಬಸವನಗುಡಿ ಹುಡುಗಿ
ನಾನು ಬೆಂಗಳೂರಿನಲ್ಲಿದ್ದೇನೆ, ಅಕ್ಕ ಬ್ರಿಸ್ಟಲ್‌ನಲ್ಲಿ. ಇಲ್ಲಿಂದಲೂ ಟಿಕೆಟ್ ತೆಗೆಯಬಹುದಾ? ವೀಸಾ ಮೊದಲಾ ಟಿಕೆಟ್ ಮೊದಲಾ?

ರೀಡಿಂಗ್ ರಂಗಣ್ಣ
ಹೊರದೇಶದವರೂ ನೋಂದಣಿ ಮಾಡಿಸಬಹುದು, ಟಿಕೆಟ್ ಕೊಳ್ಳಬಹುದು. ನಿಮ್ಮ ಸಂಖ್ಯೆಯನ್ನು ಅಕ್ಕನ ಗುಂಪಿನಲ್ಲಿ ಸೇರಿಸಿದರೆ ಅವರೇ ತೆಗೆಯುತ್ತಾರೆ. ನೀವೂ ಅಲ್ಲಿಂದ ಪ್ರಯತ್ನ ಮಾಡಿ. ನವೆಂಬರ್‌ನಲ್ಲಿ ಇಲ್ಲಿ ಬೆಳಗ್ಗೆ 9 ಅಂದರೆ ನಿಮಗೆ ಮಧ್ಯಾಹ್ನ 2:30. ಭಾನುವಾರದ ಊಟ ಬೇಗ ಮುಗಿಸಿ ಕೂತ್ಕೊಳ್ಳಿ. ಗುರುವಾರದ್ದು ನಿಮಗೆ ರಾತ್ರಿ 11:30.

ವೀಸಾ ವಿಷಯ ಮಾತ್ರ ಸ್ವಲ್ಪ ಪೇಚು. ಪ್ರವಾಸಿ ವೀಸಾಗೆ ಪ್ರಯಾಣದ ದಿನಕ್ಕೆ ಮೂರು ತಿಂಗಳು ಮೊದಲಷ್ಟೇ ಅರ್ಜಿ ಹಾಕಲು ಸಾಧ್ಯ. ಹಬ್ಬ ಜೂನ್ ಕೊನೆಗೆ. ಅಂದರೆ ಅರ್ಜಿ ಹಾಕುವುದು ಮಾರ್ಚ್ ಕೊನೆಗೆ. ಬಾಕಿ ಕಟ್ಟುವುದು ಏಪ್ರಿಲ್ ಮೊದಲ ವಾರ. ವೀಸಾ ಕೈಗೆ ಬರುವ ಮೊದಲೇ ಪೂರ್ತಿ ದುಡ್ಡು ಹೋಗಿರುತ್ತದೆ. ರದ್ದು ಮಾಡುವ ಶರತ್ತುಗಳನ್ನು ಕಟ್ಟುವ ಮೊದಲೇ ಓದಿಕೊಳ್ಳಿ. ನನ್ನ ಷಡ್ಡಕ ಹೀಗೇ ಸಿಕ್ಕಿಹಾಕಿಕೊಂಡ. ವೀಸಾ ಬಂತು, ಆದರೆ ಬರುವವರೆಗೂ ಮನೆಯಲ್ಲಿ ಯಾರಿಗೂ ನೆಮ್ಮದಿ ಕೊಡಲಿಲ್ಲ.

ತುಮಕೂರ್ ತಾತ
ಮಕ್ಕಳು ಹಳೇ ಕಾಲದ ಹಾಗೆ ಪುಟ ಮತ್ತೆ ಮತ್ತೆ ತೆರೆಯಲು ಎಫ್5 ಒತ್ತುತ್ತಾ ಕೂರಬೇಕಾ? ನನ್ನ ಮಗಳು ಅದರಲ್ಲೇ ಒಂದು ಸಲ ಟಿಕೆಟ್ ಹೊಡೆದಿದ್ದಳು.

ರೀಡಿಂಗ್ ರಂಗಣ್ಣ
ಅದು ಹಳೆಯ ಆಟ ತಾತ. 2024ರ ಮಾರಾಟದಿಂದ ಸರತಿ ಪದ್ಧತಿ ಬಂದಿದೆ. 9ಕ್ಕೆ ಮೊದಲು ಆ ಪುಟದಲ್ಲಿ ಬಂದು ಕೂತವರಿಗೆಲ್ಲ 9 ಗಂಟೆಗೆ ಚೀಟಿ ಎತ್ತಿದ ಹಾಗೆ ಒಂದೊಂದು ಸ್ಥಾನ ಸಿಗುತ್ತದೆ. 7 ಗಂಟೆಗೇ ಬಂದು ಕೂತವರಿಗೆ ವಿಶೇಷ ಲಾಭ ಇಲ್ಲ. ಆದರೆ 9 ಆದ ಮೇಲೆ ಬಂದರೆ ಬಾಲಕ್ಕೇ. ಸರತಿಯಲ್ಲಿ ನಿಂತ ಮೇಲೆ ಪುಟವನ್ನು ಮುಟ್ಟಲೇಬಾರದು. ಒಂದೇ ಮನೆಯಲ್ಲಿ ಹತ್ತು ಬ್ರೌಸರ್ ಕಿಟಕಿ ತೆರೆದು ಜಾಣತನ ತೋರಿಸಿದರೆ ಅವರ ವ್ಯವಸ್ಥೆ ಅನುಮಾನ ಪಡುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಸಾಧನ, ಒಂದೊಂದು ಕಿಟಕಿ.

ಲಾಭ ಇರುವುದು ಗುಂಪಿನಲ್ಲಿ. ಆರು ಜನ ಆರು ಮನೆಯಿಂದ ಕೂತರೆ ಆರು ಚೀಟಿ. ಯಾರ ಸರದಿ ಮೊದಲು ಬಂದರೆ ಅವರು ಎಲ್ಲರಿಗೂ ತೆಗೆಯುತ್ತಾರೆ. ಸಿಕ್ಕ ತಕ್ಷಣ ಗುಂಪಿನಲ್ಲಿ ಕೂಗಬೇಕು. ಯಾಕಂದರೆ ಒಬ್ಬರ ಸಂಖ್ಯೆಗೆ ಆಗಲೇ ಟಿಕೆಟ್ ಆಗಿದ್ದರೆ, ಅದೇ ಸಂಖ್ಯೆ ಸೇರಿಸಿ ಇನ್ನೊಬ್ಬರು ಹಾಕಿದಾಗ ಪೂರ್ತಿ ಆರೂ ನಿಂತುಹೋಗುತ್ತದೆ. ಮತ್ತೆ, 75ರ ಹಾಗೆ ಆರು ಜನಕ್ಕೆ 450 ಪೌಂಡ್ ಆಯ್ತು. ಯಾರ ಸರದಿ ಬರುತ್ತದೋ ಗೊತ್ತಿಲ್ಲ, ಆರೂ ಜನರ ಕಾರ್ಡ್‌ನಲ್ಲಿ ಅಷ್ಟು ಇರಬೇಕು. ಬ್ಯಾಂಕಿನ ಆ್ಯಪ್ ಒಪ್ಪಿಗೆ ಕೇಳುತ್ತದೆ, ಫೋನು ಪಕ್ಕದಲ್ಲೇ ಇರಲಿ. ಚಾರ್ಜಿಗೆ ಅಂತ ಅಡುಗೆಮನೆಯಲ್ಲಿ ಇಟ್ಟು ಬರಬೇಡಿ.

ಪುಟ್ಟನ ಅಮ್ಮ
ಮಗನಿಗೆ ಏಳು ವರ್ಷ. ಕರೆದುಕೊಂಡು ಬಂದವರು ಯಾರಾದರೂ ಇದ್ದೀರಾ?

ಶೃಂಗೇರಿ ಶಾರಿ
12 ವರ್ಷದವರೆಗೆ ಮಕ್ಕಳಿಗೆ ಟಿಕೆಟ್ಟೇ ಬೇಡ. 13 ತುಂಬಿದ್ದರೆ ನೋಂದಣಿ, ಟಿಕೆಟ್ ಎರಡೂ ಬೇಕು. ಮಕ್ಕಳಿಗೆ ಅಂತಲೇ ಕಿಡ್ಜ್‌ಫೀಲ್ಡ್ ಅಂತ ಒಂದು ಬಯಲು ಇದೆ. ಕಿವಿಗೆ ಹಾಕುವ ದೊಡ್ಡ ಮುಚ್ಚಳ ಮರೆಯಬೇಡಿ. ನಮ್ಮ ಪಕ್ಕದ ಟೆಂಟಿನವರು ಸಾಮಾನು ಎಳೆಯುವ ಗಾಡಿಯಲ್ಲೇ ಹಾಸಿಗೆ ಮಾಡಿ ಮಗು ಮಲಗಿಸಿದ್ದರು. ಅಷ್ಟು ಗದ್ದಲದಲ್ಲೂ ನಿದ್ದೆ ಹೊಡೆಯುತ್ತಿತ್ತು, ಪುಣ್ಯಾತ್ಮ.

ಆಕ್ಸ್‌ಫರ್ಡ್ ಅಲೆಮಾರಿ
ಟಿಕೆಟ್ ಸಿಗದವರಿಗೆ ಹಿಂಬಾಗಿಲಲ್ಲ, ಪಕ್ಕದ ಬಾಗಿಲು ಒಂದಿದೆ. ಸ್ವಯಂಸೇವೆ. ನಾನು ಆಕ್ಸ್‌ಫ್ಯಾಮ್ ಅನ್ನೋ ಸೇವಾಸಂಸ್ಥೆಯ ಕಡೆಯಿಂದ ಸ್ಟುವರ್ಡ್ (ಗೇಟು, ಜನ ನೋಡಿಕೊಳ್ಳುವವನು) ಆಗಿ ಹೋಗಿದ್ದೆ. ಮೊದಲು ಠೇವಣಿ ಕಟ್ಟಬೇಕು, ಪಾಳಿ ಸರಿಯಾಗಿ ಮುಗಿಸಿದರೆ ವಾಪಸ್. ಒಂದೊಂದೂ ಎಂಟು ಗಂಟೆಗಿಂತ ಸ್ವಲ್ಪ ಉದ್ದದ ಮೂರು ಪಾಳಿ. ಒಂದಂತೂ ರಾತ್ರಿಯದು. ನನಗೆ ಸಿಕ್ಕಿದ್ದು ಒಂದು ಗೇಟು. ನಡುರಾತ್ರಿ ಎರಡು ಗಂಟೆ, ಚಳಿ, ದೂರದಲ್ಲಿ ಧಿಮಿಧಿಮಿ. ಜೊತೆಗೆ ಇದ್ದವರು 70 ದಾಟಿದ ಅಜ್ಜಿ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟು, ಬೆಳಗಾಗುವವರೆಗೂ ತಮ್ಮ ಮೂವರು ಗಂಡಂದಿರ ಕಥೆ ಹೇಳಿದರು. ಆ ಹಬ್ಬದಲ್ಲಿ ನನಗೆ ಹಾಡಿಗಿಂತ ನೆನಪಿರುವುದು ಅದೇ.

ಸ್ವಯಂಸೇವಕರಿಗೆ ಬೇರೆ ಕ್ಯಾಂಪು, ಸ್ನಾನಕ್ಕೆ ಬಿಸಿನೀರು. ಒಳಗೆ ನಾಲ್ಕು ದಿನ ಸ್ನಾನ ಇಲ್ಲದವರಿಗೆ ಇದರ ಬೆಲೆ ಗೊತ್ತು. ನಿಮ್ಮ ವೀಸಾದಲ್ಲಿ ಸ್ವಯಂಸೇವೆಗೆ ಅವಕಾಶ ಇದೆಯಾ ಅಂತ ನೋಡಿ ಅರ್ಜಿ ಹಾಕಿ.

ಲೀಡ್ಸ್ ಲೋಕಿ
ಹೋಗೋದು ಹೇಗೆ? ಕಾರಲ್ಲಾ?

ಆಕ್ಸ್‌ಫರ್ಡ್ ಅಲೆಮಾರಿ
ಕಾರು ಬೇಡ. ಪಾರ್ಕಿಂಗ್‌ಗೆ ಬೇರೆ ದುಡ್ಡು, ಸೋಮವಾರ ಹೊರಗೆ ಬರುವ ಸಾಲು ನೋಡಿದರೆ ಅಳು ಬರುತ್ತದೆ. ರೈಲಾದರೆ ಕ್ಯಾಸಲ್ ಕ್ಯಾರಿ ನಿಲ್ದಾಣ. ಲಂಡನ್ ಪ್ಯಾಡಿಂಗ್ಟನ್‌ನಿಂದ ನೇರ ಗಾಡಿ. ನಿಲ್ದಾಣದಿಂದ ಹಬ್ಬದ ಗೇಟಿಗೆ ಟಿಕೆಟ್ ಇದ್ದವರಿಗೆ ಬಸ್ಸು ಪುಕ್ಕಟೆ. ನಿಮಗೆ ಲೀಡ್ಸ್‌ನಿಂದ ಕೋಚ್ ವಾಸಿ. ಗುರುವಾರದ ಮಾರಾಟದಲ್ಲಿ ಕೋಚ್ ಟಿಕೆಟ್‌ಗೂ ಕೈ ಹಾಕಿ, ಸಿಗದಿದ್ದರೆ ಭಾನುವಾರ ಇದ್ದೇ ಇದೆ. ಎರಡು ಅವಕಾಶ ಸಿಕ್ಕ ಹಾಗಾಯಿತಲ್ಲ. ಆದರೆ ಕೋಚ್ ಟಿಕೆಟ್ ತೆಗೆದವರು ಆ ಕೋಚಿನಲ್ಲೇ ಹೋಗಬೇಕು, ನೆನಪಿರಲಿ.

ಹುಬ್ಬಳ್ಳಿ ಬಸು
ಊಟದ ಕಥಿ ಏನು? ಸಸ್ಯಾಹಾರಿಗಳು ಬದುಕಿ ಬರ್ತಾರಾ?

ರೀಡಿಂಗ್ ರಂಗಣ್ಣ
ಓಹೋ, ಬಸುಗೂ ಆಸೆ ಬಂತು!

ಬದುಕಿ ಬರ್ತಾರೆ. ಸಸ್ಯಾಹಾರದ ಅಂಗಡಿಗಳಿಗೆ ಬರ ಇಲ್ಲ. ದುಬಾರಿ ಅಷ್ಟೇ. ಮನೆಯಿಂದ ತಿಂಡಿ ತರಲು ಬಿಡುತ್ತಾರೆ. ನಾವು ಚಕ್ಕುಲಿ, ಕೋಡುಬಳೆ, ಒಣ ಗೊಜ್ಜವಲಕ್ಕಿ ಒಯ್ದಿದ್ದೆವು. ಗೊಜ್ಜವಲಕ್ಕಿಗೆ ಒಲೆ ಬೇಡ. ನಲ್ಲಿ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟರೆ ಮುಗಿಯಿತು. ನೀರಿನ ನಲ್ಲಿ ಎಲ್ಲ ಕಡೆ ಇದೆ. 2019ರಿಂದ ಒಳಗೆ ಪ್ಲಾಸ್ಟಿಕ್ ನೀರಿನ ಬಾಟಲಿ ಮಾರುವುದಿಲ್ಲ, ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ.

ಒಂದೇ ಎಚ್ಚರಿಕೆ. ಗಾಜು ಒಳಗೆ ಬಿಡುವುದಿಲ್ಲ, ಹಸುಗಳ ಕಾಲಿಗೆ ಚೂರು ಚುಚ್ಚುತ್ತದೆ ಅಂತ. 2023ರಲ್ಲಿ ನಮ್ಮ ಗೆಳೆಯರೊಬ್ಬರು ಅಮ್ಮ ಕೊಟ್ಟ ಮಿಡಿ ಉಪ್ಪಿನಕಾಯಿಯನ್ನು ಗಾಜಿನ ಶೀಶೆಯಲ್ಲೇ ತಂದಿದ್ದರು. ಗೇಟಿನ ಹುಡುಗಿ ಮುಚ್ಚಳ ತೆಗೆದು ಮೂಸಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಬಿಸಾಕಲು ಮನಸ್ಸು ಬರುತ್ತದಾ? ಚಕ್ಕುಲಿ ಡಬ್ಬಿ ಖಾಲಿ ಮಾಡಿ, ಸಾಲಿನಲ್ಲಿ ನಿಂತವರಿಗೆಲ್ಲ ಚಕ್ಕುಲಿ ಹಂಚಿ, ಮಿಡಿಗಳನ್ನು ಒಂದೊಂದಾಗಿ ಡಬ್ಬಿಗೆ ದಾಟಿಸಿದೆವು. ಹಿಂದೆ ಇದ್ದ ವೇಲ್ಸ್‌ನವನೊಬ್ಬ ಒಂದು ಮಿಡಿ ಪೂರ್ತಿ ಬಾಯಿಗೆ ಹಾಕಿಕೊಂಡ. ಪಾಪ, ಆಮೇಲೆ ಅವನು ನಮಗೆ ಕಾಣಲಿಲ್ಲ.

ಶೃಂಗೇರಿ ಶಾರಿ
ಮಳೆಯ ವಿಷಯ ನಾನು ಹೇಳಬೇಕು, ಮಲೆನಾಡಿನವಳು. ನಾನು ಹೋದ ವರ್ಷ ಬಿಸಿಲು. 2016ರಲ್ಲಿ ಹೋದವರನ್ನು ಕೇಳಿ. ಸಾಮರ್ಸೆಟ್‌ನದು ಜೇಡಿಮಣ್ಣು. ನೆನೆದರೆ ಗದ್ದೆ ನಾಟಿಗೆ ಹದವಾದ ಕೆಸರು. ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟು, ಅಂದರೆ ವೆಲ್ಲಿ, ತಗೊಳ್ಳಲೇಬೇಕು. ಅಂಗಡಿಯಿಂದ ತಂದು ನೇರ ಹಾಕಬೇಡಿ, ಹದಿನೈದು ದಿನ ಮನೆಯಲ್ಲಿ ಹಾಕಿ ಓಡಾಡಿ ಪಳಗಿಸಿ. ಟೆಂಟನ್ನೂ ಒಂದು ಸಲ ಹಿತ್ತಲಲ್ಲಿ ಕಟ್ಟಿ ನೋಡಿ. ತಗ್ಗಿನಲ್ಲಿ ಹಾಕಬೇಡಿ, ಶೌಚಾಲಯದ ಪಕ್ಕವಂತೂ ಬೇಡವೇ ಬೇಡ. ಒಳ್ಳೆ ಜಾಗ ಬೇಕಿದ್ದರೆ ಗೇಟು ತೆಗೆಯುವ ಬುಧವಾರವೇ ಹೋಗಿ. ದೊಡ್ಡ ವೇದಿಕೆಗಳಲ್ಲಿ ಹಾಡು ಶುಕ್ರವಾರದಿಂದ.

ತುಮಕೂರ್ ತಾತ
ನಮ್ಮ ರಘು ದೀಕ್ಷಿತ್ 2011ರಲ್ಲಿ ಅಲ್ಲಿ ಹಾಡಿದ್ದು ನೆನಪಿದೆಯಾ? ಮಗಳು ಫೋನ್ ಮಾಡಿ, "ಅಪ್ಪಾ, ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಕನ್ನಡದಲ್ಲಿ ಹಾಡ್ತಿದಾರೆ, ಈ ಜನ ಕುಣೀತಿದಾರೆ" ಅಂತ ಕಿರುಚುತ್ತಿದ್ದಳು. ನನಗೆ ಬರೀ ಗದ್ದಲ ಕೇಳಿಸುತ್ತಿತ್ತು. ಆದರೂ ಫೋನ್ ಇಡಲಿಲ್ಲ.

ಬಸವನಗುಡಿ ಹುಡುಗಿ
ತಾತ, ಈ ಒಂದು ಮಾತಿಗೇ ನಾನು ನೋಂದಣಿ ಮಾಡಿಸುತ್ತೇನೆ.

ಪುಟ್ಟನ ಅಮ್ಮ
ಮುಂಗಡ ಕೊಟ್ಟ ಮೇಲೆ ಹಬ್ಬವೇ ರದ್ದಾದರೆ?

ಆಕ್ಸ್‌ಫರ್ಡ್ ಅಲೆಮಾರಿ
ಕೊರೊನಾ ಕಾಲದಲ್ಲಿ 2020, 2021 ಎರಡೂ ರದ್ದಾಯ್ತು. ಬೇಕಾದವರು ಮುಂಗಡ ವಾಪಸ್ ಪಡೆಯಬಹುದಿತ್ತು, ಬೇಡದವರದ್ದು ಮುಂದಿನ ಹಬ್ಬಕ್ಕೆ ಸಾಗುತ್ತಿತ್ತು. ನಾನು 2019ರ ಅಕ್ಟೋಬರ್‌ನಲ್ಲಿ 50 ಪೌಂಡ್ ಕಟ್ಟಿ ಹಾಗೇ ಬಿಟ್ಟಿದ್ದೆ. ಒಳಗೆ ಹೋದದ್ದು 2022ರ ಜೂನ್‌ನಲ್ಲಿ. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ಹೆಂಡತಿಗೆ ಟಿಕೆಟ್ ಇರಲಿಲ್ಲ. ಆ ಐದು ದಿನದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಲೀಡ್ಸ್ ಲೋಕಿ
ಸರಿ ಹಾಗಾದರೆ, ಗುಂಪು ಕಟ್ಟೋಣ್ವಾ? ನಾನು, ನನ್ನ ಹೆಂಡತಿ, ಶಾರಿ ಅಕ್ಕ, ಅವರ ಮನೆಯವರು, ಬಸವನಗುಡಿಯವರು. ಐದಾಯ್ತು. ಆರನೆಯವರು ಯಾರು?

ಶೃಂಗೇರಿ ಶಾರಿ
ಬಸವನಗುಡಿಯವರನ್ನು ಕೇಳಿದ್ರಾ ಮೊದಲು? ಅವರು ಅಕ್ಕನ ಗುಂಪಿನಲ್ಲಿರಬಹುದು. ಒಂದೇ ಸಂಖ್ಯೆ ಎರಡು ಗುಂಪಿನಲ್ಲಿದ್ದರೆ ರಂಗಣ್ಣ ಹೇಳಿದ ಕಥೆಯೇ ಆಗುತ್ತದೆ. ಮತ್ತೆ ಯಾರೂ ನೋಂದಣಿ ಸಂಖ್ಯೆಯನ್ನು ಇಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ನನಗೆ ಖಾಸಗಿಯಾಗಿ ಕಳಿಸಿ. ಹಾಳೆ ನಾನೇ ಮಾಡುತ್ತೇನೆ, ಪ್ರಾಯಶ್ಚಿತ್ತಕ್ಕೆ.

ಬಸವನಗುಡಿ ಹುಡುಗಿ
ಹೌದು, ನಾನು ಅಕ್ಕನ ಜೊತೆ. ಅಲ್ಲೇ ಸಿಗೋಣ!

ಹುಬ್ಬಳ್ಳಿ ಬಸು
ಎರಡು ಜಾಗ ಖಾಲಿ ಐತಲ್ಲ, ಒಂದು ನನಗಿರಲಿ. ನಿನ್ನೆ ರಾತ್ರಿನೇ ನೋಂದಣಿ ಮಾಡೀನಿ, ಯಾರಿಗೂ ಹೇಳಿರಲಿಲ್ಲ. ಒಂದು ಅನುಮಾನ ರಂಗಣ್ಣ. ಹಾಕಿದ ಫೋಟೋದಾಗ ದೊಡ್ಡ ಮೀಸೆ ಐತಿ. ಈಗ ತೆಗೆಸೀನಿ. ಗೇಟಿನಾಗ ಬಿಡ್ತಾರಾ?

ರೀಡಿಂಗ್ ರಂಗಣ್ಣ
ಜೂನ್‌ವರೆಗೆ ಸಮಯ ಇದೆ. ಬೆಳೆಸಿ.